ಕಡಿಯಬಾರದ ಪದ

ಗರ್ರ್ ಎಂದು ಶುರುವಾದ ಸದ್ದು ಕೊಂಚ ತಡವರಿಸಿತು, ಕೆಮ್ಮಿತು, ಆಮೇಲೆ ಹದಕ್ಕೆ ಬಂದು ಒಂದೇ ಸಮ ಗುಂಯ್‌ಗುಡತೊಡಗಿತು. ನಿಂಗರಾಜ ಮೋಟಾರಿನ ಬೆನ್ನ ಮೇಲೆ ಅಂಗೈ ಊರಿ ಅದರ ನಡುಕವನ್ನು ಕೇಳಿಸಿಕೊಂಡ. ಹುಣಸಗಿ ಕಡೆಯ ರೈತನೊಬ್ಬ ಬೆಳಿಗ್ಗೆಯಿಂದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದವನು ಎದ್ದು ನಿಂತು ಕೇಳಿದ:

"ಜೀವ ಬಂತೇನಪಾ?"

"ಬಂತ್ರಿ. ಈ ಸಲ ಬಾವಿಗಿ ಇಳಿಸೋಮುಂದ ಕುಡದು ಇಳಿಸಬ್ಯಾಡ್ರಿ."

"ನಾ ಎಲ್ಲಿ ಕುಡಿತೀನೋ ಮಾರಾಯ, ಕುಡಿಯೋದು ಮೋಟರಾ, ಸುಟ್ಟುಕೊಳ್ಳೋದು ನಾನು" ಎಂದು ಅವನು ನಕ್ಕ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ನಿಂಗಾ, ಬಾಗಿಲಾ ಹಾಕು." ಆ ಕಡೆ ದಮ್ಮಡಿ ಬಾರಿಸುವ ಖಾಜಾಹುಸೇನ. ದೇವಾಪುರದ ಭಜನಾ ಮೇಳದಲ್ಲಿ ಎಲ್ಲರಿಗಿಂತ ಹಳಬ; ಸಾವಿನ ಸುದ್ದಿಯನ್ನೂ ಮದುವೆಯ ಸುದ್ದಿಯನ್ನೂ ಒಂದೇ ದನಿಯಲ್ಲಿ ಹೇಳುವವನು. "ಶಹಾಪುರದಾಗ ಮಣ್ಣು ಅದ. ಗೊಲ್ಲಾಳಮ್ಮಕ್ಕ ಆಗಲೇ ಜೀಪಿನಾಗ ಕುಂತಾಳ. ನಿನ್ನ ಅಂಗಡಿ ಮುಂದ ಹತ್ತಿಸಿಕೊಂಡು ಹೋಗ್ತೀವಿ."

"ಯಾರ ಮನ್ಯಾಗ, ಮಾಮಾ?"

"ಕಿರಾಣಿ ಜಗದೇವಪ್ಪ. ನಸುಕಿನಾಗ ಹೋದನಂತ. ಮಗ ಅಲ್ಲೇ ಅದಾನ, ಮಗಳು ಉದಗೀರದಿಂದ ಬರಬೇಕು. ಆಕಿ ಬರೋತನಕ ಪದ ನಡೀಬೇಕು... ಹಲೋ? ಅದೀಯೋ, ನೀನೂ ಹೋದೆನೋ?"

"ಅದೀನಿ" ಎಂದ ನಿಂಗರಾಜ. ಮೋಟಾರು ಆರಿಸುವುದು ಅವನಿಗೆ ಮರೆತೇಹೋಯಿತು. ರೈತನೇ ಕೈ ಚಾಚಿ ಸ್ವಿಚ್ಚು ಒತ್ತಿದ.

ಅಂಗಡಿಯಿದ್ದ ಸುರಪುರದಿಂದ ಶಹಾಪುರ ದೂರದ ಊರೇನಲ್ಲ. ಆದರೂ ನಾಲ್ಕು ವರ್ಷದಿಂದ ನಿಂಗರಾಜ ಆ ಊರಿನ ಬಜಾರಿನಲ್ಲಿ ಕಾಲಿಟ್ಟಿರಲಿಲ್ಲ. ಯಾದಗಿರಿಗೆ ಹೋಗುವಾಗ ಬಸ್ಸು ಅಲ್ಲಿ ನಿಂತರೆ ಕಿಟಕಿಯ ಕಡೆ ಬಿಟ್ಟು ಒಳಗಡೆಗೇ ಮುಖ ತಿರುಗಿಸಿ ಕೂರುತ್ತಿದ್ದ. ಜಗದೇವಪ್ಪನ ಮಗ ಬಸವಕುಮಾರ ಕಣ್ಣಿಗೆ ಬಿದ್ದಾನೆಂಬ ಹೆದರಿಕೆ ಅದು.

ನಿಂಗರಾಜನ ಕಡೆಯವರೆಲ್ಲ ದೇವಾಪುರದಲ್ಲಿ ಕುರಿ ಕಾಯ್ದುಕೊಂಡು ಬಂದವರು. ಇವನೊಬ್ಬ ಸುಟ್ಟ ಮೋಟಾರಿಗೆ ಸುತ್ತುವ ತಾಮ್ರದ ತಂತಿಯ ಬೆನ್ನು ಹತ್ತಿದ. ಯಾದಗಿರಿಯಲ್ಲಿ ಐಟಿಐ ಕಲಿಯುವಾಗ ಬಸವಕುಮಾರ ಮತ್ತು ಮುಜಫರ ಸಿಕ್ಕರು. ಮುಜಫರ ಡ್ರಮ್ಮು, ಬಸವಕುಮಾರ ಬೇಸ್ ಗಿಟಾರು, ಇವನು ಲೀಡ್. ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ತಲೆಬುರುಡೆ ಬರೆದು ನೇತುಹಾಕಿರುತ್ತಾರಲ್ಲ, ಆ ಬೋರ್ಡಿನಿಂದ ಹೆಸರು ಕದ್ದರು: ಇಲೆವನ್ ಕೆವಿ. ಗಿಟಾರಿನ ಹೊಟ್ಟೆಯೊಳಗೆ ಕೂದಲಿಗಿಂತ ತೆಳುವಾದ ತಂತಿಯ ಸುರುಳಿ ಇರುತ್ತದೆ, ಸದ್ದನ್ನು ಕರೆಂಟು ಮಾಡುವುದು ಅದೇ ಎಂದು ತಿಳಿದ ದಿನ ನಿಂಗರಾಜನಿಗೆ ನಿದ್ದೆ ಬರಲಿಲ್ಲ. ಅಂಗಡಿಯಿಂದ ತಂದದ್ದು ಸಾಲದೆ ತನ್ನ ಗಿಟಾರಿಗೂ ಬಸವಕುಮಾರನ ಗಿಟಾರಿಗೂ ತಾನೇ ಸುರುಳಿ ಸುತ್ತಿದ. ಜಗದೇವಪ್ಪನ ಗೋದಾಮಿನಲ್ಲಿ, ತೊಗರಿ ಚೀಲಗಳ ನಡುವೆ, ಮೂವರೂ ಬಾರಿಸಿದರೆ ಗೋಡೆಯ ಸುಣ್ಣ ಉದುರುತ್ತಿತ್ತು. ಮುದುಕ ಬಂದು ಬಾಗಿಲಲ್ಲಿ ನಿಂತು, "ಏನ್ ಬಡಿತೀರೋ ಇದು, ಎಮ್ಮಿ ಈಯಾಕತ್ತಂಗ!" ಎಂದು ಬೈದು, ಹೊರಗಿನಿಂದ ಶಟರ್ ಎಳೆದು ಹೋಗುತ್ತಿದ್ದ. ಆದರೆ ಹತ್ತು ವರ್ಷದಲ್ಲಿ ಒಂದು ಸಲವೂ ಗೋದಾಮಿನ ಕೀಲಿ ವಾಪಸು ಕೇಳಲಿಲ್ಲ.

ಆ ಹತ್ತು ವರ್ಷದ ಕೊನೆಯಲ್ಲಿ ಒಂದು ಮಧ್ಯಾಹ್ನ ಗೊಲ್ಲಾಳಮ್ಮ ಸುಟ್ಟ ಮೋಟಾರು ಹೊರಿಸಿಕೊಂಡು ಅಂಗಡಿಗೆ ಬಂದಳು. ದೇವಾಪುರದ ಮೇಳದಲ್ಲಿ ಮುಂದಾಗಿ ಹಾಡುವವಳು ಎಂದು ಗೊತ್ತಿತ್ತು, ಹಾಡು ಕೇಳಿರಲಿಲ್ಲ. ಕರೆಂಟು ಹೋಗಿತ್ತು. ಹೊತ್ತು ಕಳೆಯಲು ನಿಂಗರಾಜ ಗೋಡೆಯ ಗಿಟಾರು ಇಳಿಸಿ ಮೀಟಿದ. ಸೊಳ್ಳೆ ಹಾಡಿದಂಥ ಸದ್ದು ಬಂತು.

"ಇದಕ್ಕ ಕರೆಂಟ್ ಬೇಕಬೇ" ಎಂದ.

"ಕರೆಂಟ್ ಇಲ್ಲಂದ್ರ ಮೂಕಾ ಏನಪಾ ಇದು?" ಎಂದು ಅವಳು ಕೇಳಿದಳು. ಹಂಗಿಸಲಿಲ್ಲ, ಯಾರದೋ ಮನೆಯ ಕೂಸಿಗೆ ಮಾತು ಬರುವುದಿಲ್ಲವೆಂದರೆ ಹೇಗೆ ಕೇಳುತ್ತಾರೋ ಹಾಗೆ ಕೇಳಿದಳು. ಆಮೇಲೆ ಮೊಣಕಾಲಿಗೆ ತಾಳ ಹಾಕಿಕೊಂಡು ಒಂದು ಪದ ಗುನುಗಿದಳು. ಆ ಇಕ್ಕಟ್ಟಿನ ಅಂಗಡಿಯಲ್ಲಿ, ಸುಟ್ಟ ವಾರ್ನಿಶ್ಶಿನ ವಾಸನೆಯಲ್ಲಿ, ಆ ದನಿ ಯಾವುದರ ಆಸರೆಯೂ ಇಲ್ಲದೆ ನಿಂತಿತ್ತು. ಅವತ್ತಿನಿಂದ ನಿಂಗರಾಜ ಮೇಳ ಕೂಡಿದಲ್ಲಿ ಹೋಗಿ ಹಿಂದೆ ಕೂರತೊಡಗಿದ. ಗೆಳೆಯರಿಗೆ ಹೇಳಲಿಲ್ಲ. ಹೇಳಿದರೆ ನಕ್ಕಾರು ಎಂದಲ್ಲ, ಏನೆಂದು ಹೇಳಬೇಕೋ ತಿಳಿಯಲಿಲ್ಲ.

ಆಮೇಲೆ ಕಲಬುರಗಿಯ ದೊಡ್ಡ ಕಾರ್ಯಕ್ರಮ ಬಂತು. ಇಲೆವನ್ ಕೆವಿ ಅಷ್ಟು ದಿನ ಕಾದಿದ್ದೇ ಅದಕ್ಕೆ. ಆ ದಿನ ಬೆಳಿಗ್ಗೆ ನಿಂಗರಾಜ ಕೊಡೇಕಲ್‌ಗೆ ಹೋದ. ಮೇಳ ಅಲ್ಲಿ ಯಾತ್ರಿಕರ ನಡುವೆ ಹಾಡುತ್ತಿತ್ತು. ಸ್ವಲ್ಪ ಹೊತ್ತು ಕೇಳಿ ಮಧ್ಯಾಹ್ನದ ಬಸ್ಸು ಹಿಡಿಯುವುದೆಂದು ಲೆಕ್ಕ ಹಾಕಿದ್ದ. ಏಕತಾರಿ ಹಿಡಿಯುತ್ತಿದ್ದ ಬೀರಣ್ಣ ಉಣ್ಣಲು ಎದ್ದವನು, "ಜರಾ ಹಿಡಿಯೋ" ಎಂದು ಇವನ ಕೈಗೆ ಕೊಟ್ಟ. ಒಂದೇ ತಂತಿ. ಒಂದೇ ಬೆರಳು. ಮತ್ತೆ ಕಣ್ಣು ಬಿಟ್ಟು ನೋಡಿದಾಗ ಬಸ್ಸು ಹೋಗಿತ್ತು, ಬಿಸಿಲು ಹಳದಿಯಾಗಿತ್ತು, ಚೀಲದೊಳಗಿನ ಫೋನಿನ ತುಂಬ ಬಸವಕುಮಾರನ ಕರೆಗಳು ಸತ್ತು ಬಿದ್ದಿದ್ದವು. ಬಿಟ್ಟುಬಿಡಬೇಕೆಂದು ಅವನು ತೀರ್ಮಾನ ಮಾಡಿದ್ದೇ ಇಲ್ಲ. ಅದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ? ಅವನು ಫೋನು ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಆಮೇಲೆ ಮಾಡುವುದು ದಿನದಿಂದ ದಿನಕ್ಕೆ ಕಷ್ಟವಾಯಿತು.

ಜೀಪು ಬಂತು. ಹಿಂದಿನ ಸೀಟಿನಲ್ಲಿ ಗೊಲ್ಲಾಳಮ್ಮ ಕೊರಳಿಗೆ ಟವೆಲು ಸುತ್ತಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ತಾಳದ ಅಂಬವ್ವ. ಮುಂದೆ ಖಾಜಾಹುಸೇನ.

"ಬೀರಣ್ಣ ಕಾಕಾ ಎಲ್ಲಿ?" ಎಂದ ನಿಂಗರಾಜ.

"ಕುರಿ ಹೊಡಕೊಂಡು ಹೊಳಿ ಆಚಿ ದಂಡಿಗಿ ಹೋಗ್ಯಾನ" ಎಂದಳು ಅಂಬವ್ವ. "ನಿನ್ನ ಕಾಕಾನ ಕೇಳು, ಕುರಿಗಿ ಹಸಿರು ಮುಖ್ಯನೋ ಜಗದೇವಪ್ಪಗ ಪದ ಮುಖ್ಯನೋ ಅಂತ."

ಗೊಲ್ಲಾಳಮ್ಮ ಬೆರಳಿನಿಂದ ಕೊರಳು ಮುಟ್ಟಿ ತೋರಿಸಿ, ತಲೆ ಅಲ್ಲಾಡಿಸಿದಳು. ಹಿಂದಿನ ದಿನವೆಲ್ಲ ಕೊಡೇಕಲ್‌ನಲ್ಲಿ ಹಾಡಿ ಬಂದಿದ್ದಳು. ಮೇಳದಲ್ಲಿ ಮುಂದಾಗಿ ಹಾಡಬಲ್ಲವರು ಇಬ್ಬರೇ: ಇವಳು, ಬೀರಣ್ಣ. ಅಂಬವ್ವ ಮುಂದಿನವರು ಹಾಡಿದ ಸಾಲನ್ನೇ ಮರಳಿಸಿ ಹಿಂದಿನ ಸೊಲ್ಲು ಎತ್ತಿಕೊಡುತ್ತಾಳೆ, ಪದ ಬಾಯಿಪಾಠ ಇಲ್ಲ. ಖಾಜಾಹುಸೇನನಿಗೆ ಉಬ್ಬಸ. ಇನ್ನು ಉಳಿದವನು ತಾನು. ಪದಗಳೆಲ್ಲ ಅವನ ಎದೆಯಲ್ಲಿದ್ದವು, ಆದರೆ ಒಂದನ್ನೂ ಒಂಟಿಯಾಗಿ ಹಾಡಿದವನಲ್ಲ. ಮೊದಲಿನಿಂದಲೂ ಅವನ ಬಾಯಿ ಬೆರಳಲ್ಲಿತ್ತು.

ಲಿಂಗಾಯತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕೂರಿಸಿದ ಹೆಣದ ಮುಂದೆ ಭಜನೆ ಹಚ್ಚುತ್ತಾರೆ. ಒಂದು ಸಲ ಹಚ್ಚಿದ ಪದ, ದೇಹ ಎತ್ತುವ ತನಕ ಕಡಿಯಬಾರದು. ಒಬ್ಬರು ನೀರು ಕುಡಿಯಲು ಎದ್ದರೆ ಇನ್ನೊಬ್ಬರು ಅಲ್ಲಿಂದಲೇ ಹಿಡಿಯಬೇಕು. ನಡುವೆ ಕಡಿದರೆ ಹೋಗುವವನಿಗೆ ದಾರಿಯಲ್ಲಿ ಕತ್ತಲಾಗುತ್ತದೆ ಎನ್ನುತ್ತಾರೆ. ಗೊಲ್ಲಾಳಮ್ಮ ತನ್ನ ಆಯುಷ್ಯದಲ್ಲಿ ಒಂದು ಸಲವೂ ಕಡಿದವಳಲ್ಲ. ಮೇಳಕ್ಕೆ ಅದೊಂದೇ ಹೆಸರು, ಅದೊಂದೇ ಆಸ್ತಿ.

"ಅಕ್ಕಾ, ಇವತ್ತು ಆಗಲ್ಲ ಅಂದುಬಿಡೋಣೇನು?" ಎಂದ ನಿಂಗರಾಜ.

ಅವಳು ಟವೆಲು ಸಡಿಲಿಸಿ ಒಡಕು ದನಿಯಲ್ಲಿ, "ಸತ್ತಾಂವಗ ನಾಳಿಗಿ ಬಾ ಅನ್ನಾಕ ಬರ್ತದೇನೋ?" ಎಂದಳು. ಖಾಜಾಹುಸೇನ ಮುಂದಿನ ಸೀಟಿನಿಂದ, "ಅಕ್ಕ, ಮಾತಾಡಬ್ಯಾಡ. ಇದ್ದಷ್ಟು ಗಂಟಲ ಜಗದೇವಪ್ಪಗಿರಲಿ" ಎಂದ.

ಬಸವಕುಮಾರ ಬಾಗಿಲಲ್ಲೇ ನಿಂತಿದ್ದ. ಮೈ ಬಂದಿತ್ತು, ಗಡ್ಡದಲ್ಲಿ ಒಂದೆರಡು ಬಿಳಿ ಕೂದಲು. ಅಂಗಳದ ಒಂದು ಬದಿಯಲ್ಲಿ ತಾಡಪತ್ರಿ ಹೊದ್ದ ಕರಿ ಪೆಟ್ಟಿಗೆಗಳ ರಾಶಿ. ಬ್ಯಾಂಡು ಮುರಿದ ಮೇಲೆ ಅವನು ಮದುವೆ-ಮೆರವಣಿಗೆಗಳಿಗೆ ಡಿಜೆ ಸೌಂಡು ಕೊಡುವ ಕಸುಬು ಹಿಡಿದಿದ್ದಾನೆಂದು ನಿಂಗರಾಜ ಕೇಳಿದ್ದ. ಜೀಪಿನಿಂದ ಇಳಿದವರನ್ನು ಬಸವಕುಮಾರ ಒಬ್ಬೊಬ್ಬರನ್ನಾಗಿ ನೋಡಿದ, ಕೈ ಮುಗಿದ. ಏಕತಾರಿ ಹೊತ್ತವನ ಮುಖ ಕಂಡಾಗ ಕೈ ಬಿಟ್ಟ.

"ಇಂವ ಯಾಕ ಬಂದಾನ?"

"ತಂತಿ ಹಿಡಿಯಾಂವ್ರಿ ಇಂವ" ಎಂದ ಖಾಜಾಹುಸೇನ. "ಇವನಿಲ್ಲಂದ್ರ ಶ್ರುತಿ ಇಲ್ಲ."

"ಬ್ಯಾರೆ ಯಾರೂ ಸಿಗಲಿಲ್ಲೇನು ನಿಮಗ?"

ಅಂಗಳದಲ್ಲಿ ಕುಳಿತಿದ್ದ ಮಂದಿ ತಲೆಯೆತ್ತಿದರು. ನಿಂಗರಾಜ ಚಪ್ಪಲಿ ಬಿಡದೆ ಅಲ್ಲೇ ನಿಂತ. ಒಳಗಿನಿಂದ ಜಗದೇವಪ್ಪನ ಹೆಂಡತಿ ಕಸ್ತೂರಿಯ ದನಿ ಬಂತು: "ಬಸ್ಸು, ಬಂದವರನ ಬಾಗಿಲಾಗ ನಿಲ್ಲಸಬಾರದಪಾ. ಇವತ್ತರ."

ಬಸವಕುಮಾರ ದಾರಿ ಬಿಟ್ಟ. ನಿಂಗರಾಜ ಪಕ್ಕದಲ್ಲಿ ಹಾಯುವಾಗ ಅವನ ತೋಳು ಹಿಡಿದು ಕಿವಿಯ ಹತ್ತಿರ ಹೇಳಿದ:

"ತಂತಿ ಬಾರಿಸು, ಹೋಗು. ನಮ್ಮಪ್ಪನ ಮುಂದ ಬಾಯಿ ತೆಗೀಬ್ಯಾಡ. ಹಿಂದಿನ ಸೊಲ್ಲೂ ಎತ್ತಬ್ಯಾಡ. ಕೇಳಿಸ್ತೇನು?"

"ಕೇಳಿಸ್ತು" ಎಂದ ನಿಂಗರಾಜ.

ಪಡಸಾಲೆಯಲ್ಲಿ ಜಗದೇವಪ್ಪ ಗೋಡೆಗೊರಗಿ ಕುಳಿತಿದ್ದ. ಹಣೆ ತುಂಬ ವಿಭೂತಿ, ತಲೆ ವಾಲದಂತೆ ಗೋಡೆಯ ಮೊಳೆಗೆ ಕಟ್ಟಿದ ಬಿಳಿ ವಸ್ತ್ರ, ಕೊರಳಲ್ಲಿ ಚೆಂಡುಹೂವಿನ ಹಾರ. ಅಂಗಡಿಯ ಗದ್ದುಗೆಯ ಮೇಲೆ ಗಿರಾಕಿಗಾಗಿ ಕಾಯುತ್ತಿದ್ದಾಗ ಹೇಗಿರುತ್ತಿದ್ದನೋ ಹೆಚ್ಚು ಕಡಿಮೆ ಹಾಗೇ ಇದ್ದ. ಇನ್ನೇನು "ಏನ್ ಬಡಿತೀರೋ" ಎಂದಾನು ಎನಿಸಿ ನಿಂಗರಾಜ ಕಣ್ಣು ತಗ್ಗಿಸಿದ.

ಮೇಳಕ್ಕೆ ಸೇರಿದ ಹೊಸದರಲ್ಲಿ ಅವನು ಫೋನಿನ ಟ್ಯೂನರ್ ಹಚ್ಚಿ ಏಕತಾರಿಯನ್ನು ಮುಳ್ಳು ನಡುವೆ ನಿಲ್ಲುವಂತೆ ಕಟ್ಟುತ್ತಿದ್ದ. ಗೊಲ್ಲಾಳಮ್ಮನ ದನಿ ಆ ಎತ್ತರಕ್ಕೆ ಹತ್ತಲಾರದೆ ಒಂದು ದಿನ ಸೀಳಿತು. ಆ ಮೇಲೆ ಎಷ್ಟೋ ದಿನ ಅವಳು ಬರೀ ಸನ್ನೆಯಲ್ಲೇ ಮಾತಾಡಿದ್ದಳು. "ಇವತ್ತಿನ ಗಂಟಲ ಇವತ್ತಿಂದೋ. ಮೊದಲು ಆಕಿ ದನಿ ಕೇಳು, ಆಮ್ಯಾಲ ತಂತಿ ಬಿಗಿ" ಎಂದು ಬೀರಣ್ಣ ಅವನ ಕೈಯಿಂದ ಫೋನು ಕಸಿದಿದ್ದ. ಇವತ್ತು ನಿಂಗರಾಜ ಅವಳ ಪಕ್ಕಕ್ಕೆ ಬಾಗಿ ಕಾದ. ಗೊಲ್ಲಾಳಮ್ಮ ಬಾಯಿ ಮುಚ್ಚಿಯೇ ಒಂದು ಹೂಂಕಾರ ಕೊಟ್ಟಳು. ಎಂದಿಗಿಂತ ಬಹಳ ಕೆಳಗಿತ್ತು. ಬಿರಡೆ ತಿರುವಿ ತಂತಿಯನ್ನು ಅಲ್ಲಿಗೆ ಇಳಿಸಿದ. ಸೋರೆ ಬುರುಡೆ ಕೊರಳ ಕಫದಂತೆ ಗೊರಗುಟ್ಟಿತು.

*ತೂಗುವ ತಕ್ಕಡಿ ಕೆಳಗಿಡೊ ಅಣ್ಣಾ,*
*ತೂಕದ ಕಲ್ಲಿಗು ಊರುಂಟು...*

ಅಂಬವ್ವ ಹಿಂದಿನಿಂದ ಎತ್ತಿಕೊಂಡಳು. ಹೆಂಗಸರ ಗುಂಪಿನಲ್ಲಿ ಯಾರೋ ಬಿಕ್ಕಿದರು. ನಿಂಗರಾಜನ ತುಟಿ ಅಭ್ಯಾಸದಿಂದ ಬಿಚ್ಚಿಕೊಂಡಿತು. ಕಂಬಕ್ಕೊರಗಿ ನಿಂತ ಬಸವಕುಮಾರ ಅವನನ್ನೇ ನೋಡುತ್ತಿದ್ದ. ನಿಂಗರಾಜ ತುಟಿ ಕಚ್ಚಿಕೊಂಡ. ಗೊಲ್ಲಾಳಮ್ಮನಿಗೆ ತಿಳಿಯಿತು. ಸದಾ ಹಿಂದೆ ಬರುತ್ತಿದ್ದ ಎರಡು ದನಿಗಳಲ್ಲಿ ಒಂದಿಲ್ಲದೆ ಹೋದರೆ ಮುಂದಿನವರಿಗೆ ಉಸಿರು ತೆಗೆದುಕೊಳ್ಳಲು ಎಡೆಯೇ ಸಿಗುವುದಿಲ್ಲ. ಅವಳು ಓರೆಗಣ್ಣಿನಲ್ಲಿ ಅವನನ್ನೂ ಕಂಬದ ಕಡೆಯನ್ನೂ ನೋಡಿ, ಮುಂದಿನ ನುಡಿಗೆ ಹೋದಳು.

ಮಗಳು ಶಾಂಭವಿಯ ಸುದ್ದಿ ಬರುತ್ತಲೇ ಇತ್ತು. ಹುಮನಾಬಾದ್ ದಾಟಿದ್ದಾಳೆ. ಕಲಬುರಗಿಯಲ್ಲಿ ಟ್ರಾಫಿಕ್ಕು. ಭೀಮೆಯ ಸೇತುವೆಯ ಈಚೆ ಲಾರಿಯೊಂದು ಅಡ್ಡ ಬಿದ್ದು ದಾರಿ ಕಟ್ಟಿದೆ. ಪ್ರತಿ ಸುದ್ದಿಗೂ ಅಂಗಳದ ಹಿರಿಯರು ಆಕಾಶ ನೋಡಿ, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕೆಂದು ಗೊಣಗಿದರು. "ಮಗಳ ಮುಖಾ ನೋಡದೆ ಹೆಂಗ ಎತ್ತತೀರಿ?" ಎಂದು ಕಸ್ತೂರಿ ಒಳಗಿನಿಂದಲೇ ಕೇಳಿದಳು.

ಬಿಸಿಲು ಪಡಸಾಲೆಯ ಹೊಸ್ತಿಲು ದಾಟಿ ಒಳಗೆ ಬಂತು. ಗೊಲ್ಲಾಳಮ್ಮನ ದನಿ ಇನ್ನಷ್ಟು ಇಳಿಯಿತು. ನಿಂಗರಾಜ ಹಾಡು ನಿಲ್ಲದಂತೆ, ಯಾರಿಗೂ ಕಾಣದಂತೆ, ಬಿರಡೆಯನ್ನು ಕೂದಲೆಳೆಯಷ್ಟು ಸಡಿಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಸಡಿಲಿಸಿದ. ತಂತಿ ಈಗ ಎಷ್ಟು ಜೋಲಿತ್ತೆಂದರೆ ಮೀಟಿದರೆ ಕಣ್ಣಿಗೇ ಅದರ ಓಲಾಟ ಕಾಣುತ್ತಿತ್ತು. ಇದಕ್ಕಿಂತ ಕೆಳಗೆ ಹೋದರೆ ಅದು ನಾದವಾಗಿ ಉಳಿಯುವುದಿಲ್ಲ. ಅದಕ್ಕಿಂತ ಕೆಳಗೆ ಅವಳ ಗಂಟಲಿನಲ್ಲೂ ಏನಿಲ್ಲ.

ಬಸವಕುಮಾರನಿಗೂ ಅದು ತಿಳಿದಿರಬೇಕು. ಎಷ್ಟಾದರೂ ಹತ್ತು ವರ್ಷ ತಂತಿ ಮೀಟಿದವನು. ಅವನು ಹೊರಗೆ ಹೋಗಿ, ಮೈಕು ಸ್ಟ್ಯಾಂಡು ತಂದು ಗೊಲ್ಲಾಳಮ್ಮನ ಮುಂದೆ ಇಟ್ಟ. ಅವಳು ಹಾಡುತ್ತಲೇ ಅಂಗೈಯಿಂದ ಅದನ್ನು ಪಕ್ಕಕ್ಕೆ ಸರಿಸಿದಳು. ಒಂದು ನುಡಿ ಮುಗಿದು ಅಂಬವ್ವ ಎತ್ತಿಕೊಂಡ ಸಂದಿನಲ್ಲಿ, "ಕೇಳಾಂವ ಇಷ್ಟು ಹತ್ತರ ಕುಂತಾನಲ್ಲಪಾ, ಇದು ಯಾರಿಗೆ?" ಎಂದಳು.

"ಬ್ಯಾಡ ಬಸ್ಸು" ಎಂದಳು ಕಸ್ತೂರಿ. "ಅವರು ಹೇಳಿದ್ರು. ನನ್ನ ಮುಂದ ಮೈಕ ಹಚ್ಚಬ್ಯಾಡ್ರಿ, ಜೀವಮಾನ ಪೂರಾ ಕೇಳೀನಿ ಅಂದಿದ್ರು."

ಯಾರೋ ಒಬ್ಬರು ನಕ್ಕು, ನಕ್ಕದ್ದಕ್ಕೆ ನಾಚಿ, ಕೆಮ್ಮಿದರು. ಬಸವಕುಮಾರನ ಮುಖ ಕೆಂಪಾಯಿತು. ಸ್ಟ್ಯಾಂಡು ಎತ್ತಿಕೊಂಡು ಹೊರಗೆ ಹೋಗುವಾಗ ನಿಂಗರಾಜನ ಕಡೆ ತಿರುಗಿ ಬೆರಳಿನಿಂದ ಕರೆದ: ಬಾ ಇಲ್ಲಿ.

ನಿಂಗರಾಜ ಗೊಲ್ಲಾಳಮ್ಮನ ಮುಖ ನೋಡಿದ. ಅವಳು ರೆಪ್ಪೆ ಅಲ್ಲಾಡಿಸಿದಳು. ಹೋಗು, ಜಲ್ದಿ ಬಾ. ಏಕತಾರಿಯನ್ನು ಅಂಬವ್ವನ ಕೈಗೆ ಕೊಟ್ಟು ಎದ್ದ. ಕಾಲು ಜೋಮು ಹಿಡಿದಿತ್ತು.

ಬಸವಕುಮಾರ ಪೆಟ್ಟಿಗೆಗಳ ಮರೆಯಲ್ಲಿ ನಿಂತಿದ್ದ. ಸಿಗರೇಟು ಹಚ್ಚಲು ಹೋಗಿ, ಇವತ್ತು ಯಾವ ದಿನವೆಂದು ನೆನಪಾಗಿ, ಜೇಬಿಗೆ ಹಾಕಿಕೊಂಡ.

"ಮುದುಕಿ ಗಂಟಲಾ ಹೋಗ್ಯಾದ" ಎಂದ.

"ಹೌದು."

"ನಮ್ಮಕ್ಕ ಶಾಂಭವಿ ಇನ್ನೂ ಜೇವರ್ಗಿನೇ ಮುಟ್ಟಿಲ್ಲ. ಎಷ್ಟೊತ್ತು ತಡೀತಾಳ ಮುದುಕಿ?"

"ಗೊತ್ತಿಲ್ಲ. ಇನ್ನೊಂದು ಪದ. ಅರ್ಧ ಪದ." ನಿಂಗರಾಜ ಒಣಗಿದ ತುಟಿ ಸವರಿಕೊಂಡ. "ಬಸ್ಸು, ನಾ ಹಿಂದಿನ ಸೊಲ್ಲರ ಎತ್ತತೀನಿ. ಆಕಿಗಿ ಉಸರು ಹಿಡಿಯಾಕ ಜಾಗಾ ಸಿಗ್ತದ."

"ನೀ ಬಾಯಿ ತೆಗೀಬ್ಯಾಡ ಅಂತ ಹೇಳೀನಿ."

"ಕಡಿತದ ಪದ."

"ಕಡೀಲಿ!" ಬಸವಕುಮಾರ ದನಿ ಏರಿಸಿ, ಅಂಗಳದವರು ತಿರುಗಿದ್ದು ಕಂಡು ಇಳಿಸಿದ. "ನೀ ಕಡಿಯೋದು ಕಲಿತಾಂವ. ನಿನಗೇನ್ ಫಿಕರ್ ಅದರದು? ಮುಜಫರ ಹೈದರಾಬಾದಿಗಿ ಹೋಗಿ ಗಾಡಿ ಹೊಡಿಯಾಕತ್ತಾನ, ಗೊತ್ತದೇನು? ಡ್ರಮ್ಮು ಮುಟ್ಟಿಲ್ಲ ಆಮ್ಯಾಲ. ನಾ ಇಲ್ಲಿ ಡಬ್ಬಿ ಹೊತ್ತು ಮಂದಿ ಮದುವ್ಯಾಗ ಬ್ಯಾರೆಯವರ ಹಾಡ ಒದರಸ್ತೀನಿ. ನೀ ಒಬ್ಬಾಂವ ಸಾಧು ಆದಿ. ಸೋರಿಕಾಯಿ ಹಿಡದು."

ಒಳಗಿನ ಪದ ನಿಂಗರಾಜನ ಬೆನ್ನಿಗೆ ಕೇಳುತ್ತಿತ್ತು. ಒಂದು ಕಿವಿ ಇಲ್ಲಿ, ಒಂದು ಕಿವಿ ಅಲ್ಲಿ. ಮೂರನೆಯ ನುಡಿ ನಡೆದಿತ್ತು. ನಾಲ್ಕನೆಯದರಲ್ಲಿ ಮೇಲಕ್ಕೆ ಹತ್ತುವ ಸಾಲೊಂದಿದೆ.

"ನಿನಗ ಗೊತ್ತಿಲ್ಲದ ಒಂದು ಮಾತು ಹೇಳಲೇನು?" ಎಂದ ಬಸವಕುಮಾರ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನಿಂಗರಾಜನಿಗೆ ಹೆಚ್ಚು ಹೆದರಿಕೆಯಾಯಿತು. "ಅವತ್ತು ಕಲಬುರಗಿಗಿ ಅಪ್ಪ ಬಂದಿದ್ದ."

"ಅಪ್ಪಾರು?"

"ಅಂಗಡಿ ಮುಚ್ಚಿ ಬಂದಿದ್ದ. ಅವ ಅಂಗಡಿ ಮುಚ್ಚಿದ್ದು ನೀ ಎಂದರ ನೋಡಿದ್ದೇನು? ನನಗ ಹೇಳಿಲ್ಲ, ಕೇಳಿಲ್ಲ. ಸ್ಟೇಜ್ ಮ್ಯಾಲಿಂದ ನೋಡತೀನಿ, ಮುಂದಿನ ಖುರ್ಚಿನಾಗ ಕುಂತಾನ. ಹೊಸ ಧೋತರ. ಕಿವ್ಯಾಗ ಹತ್ತಿ ತುರಕ್ಕೊಂಡಾನ." ಬಸವಕುಮಾರ ನಗಲು ನೋಡಿದ, ಆಗಲಿಲ್ಲ. "ಹತ್ತಿ ಇಟಗೊಂಡು ಬಂದಾನ, ಆದರೂ ಬಂದಾನ ನೋಡು. ನಮ್ಮ ಹೆಸರು ಕರದ್ರು. ಮತ್ತ ಕರದ್ರು. ಮುಜಫರ ಗೇಟಿಗಿ ಓಡಿ ಹೋಗಿ ನಿನ್ನ ಹಾದಿ ನೋಡ್ದ. ನಾ ಫೋನ್ ಹಚ್ಚಿ ಹಚ್ಚಿ ಬೆರಳು ನೂಯಿಸ್ಕೊಂಡೆ. ಅಪ್ಪ ಏನ್ ಮಾಡಿದ ಗೊತ್ತೇನು? ಇನ್ನೇನು ಶುರು ಆಗ್ತದಂತ ತಿಳಕೊಂಡು ಕಿವ್ಯಾನ ಹತ್ತಿ ತೆಗದ. ತೆಗದು ಕೈಯಾಗ ಹಿಡಕೊಂಡು ಕುಂತ. ಕೇಳೋಣಂತ ತೆಗದಿದ್ದ ಅವಾ."

ಒಳಗೆ ಮೂರನೆಯ ನುಡಿ ಮುಗಿಯಿತು. ಅಂಬವ್ವನ ದನಿ ಒಂಟಿಯಾಗಿ ಸೊಲ್ಲನ್ನು ಎತ್ತಿಕೊಂಡಿತು. ನಡುವಿನ ತೆರವು ಎಂದಿಗಿಂತ ಉದ್ದವಾಗಿತ್ತು.

"ಬಸ್ಸಿನಾಗ ಬರೋಮುಂದ ಒಂದೇ ಮಾತು ಕೇಳ್ದ. ಆ ಹುಡುಗಗ ಆರಾಮ್ ಇಲ್ಲೇನೋ, ಅಂತ. ನಾ ಹೌದಂದೆ. ಆರಾಮಿಲ್ಲ, ದವಾಖಾನ್ಯಾಗ ಅದಾನ ಅಂದೆ. ನಿನ್ನ ಸಲುವಾಗಿ ನಾ ನಮ್ಮಪ್ಪಗ ಸುಳ್ಳು ಹೇಳೀನಿ. ಆಮ್ಯಾಲ ವರ್ಷಗಟ್ಟಲೆ ಕೇಳ್ತಿದ್ದ, ಆ ಕುರುಬರ ಹುಡುಗ ಹೆಂಗದಾನೋ, ಗುಣಾ ಆತೇನೋ. ಮೊನ್ನಿ ಹಾಸಿಗಿ ಹಿಡದ ಮ್ಯಾಲೂ ಕೇಳ್ದ."

ನಿಂಗರಾಜ ಪೆಟ್ಟಿಗೆಯ ಅಂಚು ಹಿಡಿದುಕೊಂಡ. ತಾಡಪತ್ರಿ ಬಿಸಿಲಿಗೆ ಕಾದು ಅಂಗೈ ಸುಟ್ಟಿತು; ಅವನು ತೆಗೆಯಲಿಲ್ಲ. ಗೋಡೆಗೊರಗಿ ಕುಳಿತ ಮುದುಕನ ಬಿಳಿ ಹಣೆ ಅವನ ಕಣ್ಣಿಗೆ ಕಟ್ಟಿತು. ಬಂದಾಗಿನಿಂದ ಅವನ ಮುಂದೆ ಬಾಯಿ ಮುಚ್ಚಿ ಕುಳಿತಿದ್ದೇನೆ. ಹತ್ತು ವರ್ಷ ಶಟರಿನೊಳಗಿನಿಂದ ಕಿವುಡಾಗುವಷ್ಟು ಒದರಿದೆ. ಮುದುಕ ಕಿವಿ ಬಿಚ್ಚಿ ಕುಳಿತ ದಿನ ಒಂದು ದನಿಯನ್ನೂ ಕೊಡಲಿಲ್ಲ.

"ಈಗ ಹೇಳು" ಎಂದ ಬಸವಕುಮಾರ. "ನಾಲ್ಕು ವರ್ಷ ಆತು. ಸಿಟ್ಟು ಬ್ಯಾಡ, ಜಗಳ ಬ್ಯಾಡ. ನನಗ ಗೊತ್ತಾಗಬೇಕು ಅಷ್ಟ. ಎಲ್ಲಿದ್ದಿ ನೀ ಅವತ್ತು? ಏನ್ ಮಾಡಾಕತ್ತಿದ್ದಿ?"

"ಬಸ್ಸು, ನಾನು..." ನಿಂಗರಾಜ ಬಾಯಿ ತೆರೆದ. ಹೇಳಬೇಕಾದದ್ದೆಲ್ಲ ಒಂದೇ ಸಾಲಿನದು. ಆದರೆ ಅದನ್ನು ಹೇಳುವ ಯಾವ ದಾರಿಯಲ್ಲೂ ತಾನು ಸಣ್ಣವನಾಗದೆ ಇರುವುದಿಲ್ಲ. ಆಗಲಿ, ಸಣ್ಣವನೇ ಆಗಲಿ. "ನಾ ಅವತ್ತು ಕೊಡೇಕಲ್ಲಿನಾಗ..."

ಒಳಗೆ ಗೊಲ್ಲಾಳಮ್ಮ ನಾಲ್ಕನೆಯ ನುಡಿ ಎತ್ತಿದಳು.

*ಕೊಟ್ಟದ್ದು ಮರೆತೇನು, ಕೊಂಡದ್ದು ಮರೆತೇನು...*

ದನಿ ಮೇಲಕ್ಕೆ ಹತ್ತಿತು, ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಅಲ್ಲಿ ಹರಿದ ಅರಿವೆಯಂಥ ಸದ್ದಾಯಿತು. ಆಮೇಲೆ ದನಿ ಇಲ್ಲ. ಅಂಬವ್ವನಿಗೆ ಎತ್ತಿಕೊಳ್ಳಲು ಸಾಲೇ ಪೂರ್ತಿಯಾಗಿರಲಿಲ್ಲ. ಖಾಜಾಹುಸೇನನ ದಮ್ಮಡಿ ಮಾತ್ರ ಬಡಿಯುತ್ತಿತ್ತು. ಬಾಗಿಲಲ್ಲಿ ಯಾರಿಗಾಗಿಯೋ ಕಾಯುತ್ತಿರುವವನ ಬೆರಳಿನಂತೆ, ತಾಳ ಬಿಡದೆ, ಆದರೆ ತೀರ ಮೆಲ್ಲಗೆ.

ಅಂಗಳದಲ್ಲಿ ಮಂದಿ ಎದ್ದು ನಿಂತರು. "ಕಡೀತೇನು?" ಎಂದು ಯಾರೋ ಪಿಸುಗುಟ್ಟಿದರು.

ನಿಂಗರಾಜ ಪೆಟ್ಟಿಗೆಯಿಂದ ಕೈ ತೆಗೆದ.

"ನಿಲ್ಲು. ನನ್ನ ಮಾತು ಮುಗಿದಿಲ್ಲ" ಎಂದು ಬಸವಕುಮಾರ ಅವನ ತೋಳಿಗೆ ಕೈ ಹಾಕಿದ. "ಕೊಡೇಕಲ್ಲಿನಾಗ ಏನ್ ಅಂದಿ? ಏನಿತ್ತು ಅಲ್ಲಿ? ನಮಗಿಂತ ದೊಡ್ಡದು ಏನಿತ್ತಲೇ ಅಲ್ಲಿ? ಉತ್ತರಾ ಕೊಟ್ಟು ಹೋಗು..."

ನಿಂಗರಾಜ ತೋಳು ಬಿಡಿಸಿಕೊಂಡ. ಅಂಗಳದ ಬಿಸಿಲಿಗೆ ಇಳಿದು, ಎದ್ದು ನಿಂತವರ ನಡುವೆ ದಾರಿ ಮಾಡಿಕೊಂಡು, ಪಡಸಾಲೆಯ ಕಡೆಗೆ ನಡೆದ. ನಡೆಯುತ್ತಲೇ, ಗೊಲ್ಲಾಳಮ್ಮ ಬಿಟ್ಟ ಸಾಲಿಗಾಗಿ ಉಸಿರು ಎಳೆದುಕೊಂಡ. ಅವನ ಬೆನ್ನ ಹಿಂದೆ ಬಸವಕುಮಾರ ಇನ್ನೂ ಕೇಳುತ್ತಲೇ ಇದ್ದ.